ಮಾಣದೇಶದ ಗುಡ್ಡಗಳಲ್ಲಿ

ಪುಣೆಯಲ್ಲಿ ನೆಲೆಸಿದ ನಮಗೆ ಸಾತಾರಾ ಜಿಲ್ಲೆಯೆಂದರೆ ಮಹಾಬಳೇಶ್ವರದ ಮಂಜು, ಸ್ಟ್ರಾಬೆರಿ, ಮಕ್ಕಳ ಕುದುರೆ ಸವಾರಿ, ಇಷ್ಟೇ. ಅದೇ ಜಿಲ್ಲೆಯ ಮೂಡಣ ಗುಡ್ಡಗಳಲ್ಲಿರುವ ಮಾಣ ತಾಲೂಕನ್ನು ಕಂಡದ್ದು ಒಂದು ಸೆಪ್ಟೆಂಬರಿನಲ್ಲಿ, ಶಿಖರ ಶಿಂಗಣಾಪುರದ ಶಂಭು ಮಹಾದೇವನ ದರ್ಶನಕ್ಕೆ ಹೊರಟಾಗ.

ಬಸ್ಸು ವರ್ಧನಗಡದ ಘಾಟು ದಾಟುತ್ತಲೇ ಹಸುರು ತೆಳುವಾಗತೊಡಗಿತು. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನೇರ ಗೆರೆಯೆಳೆದರೆ ಅಲ್ಲಿಂದ 100 ಕಿಲೋಮೀಟರೂ ಇಲ್ಲದ ದಹಿವಡಿಯಲ್ಲಿ 500 ಮುಟ್ಟಿದರೆ ಪುಣ್ಯ. ಅರಬ್ಬೀ ಸಮುದ್ರದ ಮೋಡಗಳು ಸಹ್ಯಾದ್ರಿಯ ಮೇಲೆಯೇ ಬರಿದಾಗಿಬಿಡುತ್ತವೆ. ಎರಡನ್ನೂ ಕೂಡಿಸಿ ಜಿಲ್ಲೆಯ ಸರಾಸರಿ ತೆಗೆದರೆ ಮಾಣದ ಬರ ಕಾಗದದ ಮೇಲೆ ಕಾಣಿಸುವುದೇ ಇಲ್ಲ!

ದಹಿವಡಿಯ ಆಚೆ ಬಸ್ಸು ಕೆಟ್ಟು ನಿಂತಿತು. ನೀರು ಕೇಳಲು ಹೋದ ಹೊಲದಲ್ಲಿ ಮುದುಕರೊಬ್ಬರು "ಬನ್ನಿ ಪಾವಣೇ" ಎಂದು ಕರೆದು ತಂಬಿಗೆ ಕೊಟ್ಟರು. ನಮ್ಮ ಚಿಕ್ಕವನು ಉಳಿದ ನೀರನ್ನು ಚೆಲ್ಲಹೋದಾಗ ಏನೂ ಅನ್ನದೆ ತಂಬಿಗೆ ಇಸಿದುಕೊಂಡು ಎಮ್ಮೆಯ ಬಾನಿಗೆ ಸುರಿದರು. ನಮಗೆ ತಲೆ ತಗ್ಗಿತು.

ಬಳಿಕ ಬಾವಿ ತೋರಿಸಿದರು. ಹಿಂದಿನ ವರ್ಷ ಆ ಹೊತ್ತಿಗೆ ಮುಳುಗಿದ್ದ ಏಳು ಮೆಟ್ಟಿಲು ಒಣಗಿದ್ದವು. "ಮಳೆ ಎಷ್ಟಾಯಿತೆಂದು ಎಲ್ಲರೂ ಕೇಳುತ್ತಾರೆ. ಯಾವಾಗ ಆಯಿತೆಂದು ಕೇಳಬೇಕು," ಎಂದರು. ಜೂನಿನಲ್ಲಿ ಚೆನ್ನಾಗಿ ಸುರಿದಿತ್ತು, ಸಜ್ಜೆ ಬಿತ್ತಿದ್ದರು. ಆಗಸ್ಟೆಲ್ಲ ಬಿಸಿಲು, ತೆನೆಯಲ್ಲೇ ಸಜ್ಜೆ ಸೊರಗಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಾಡಿಕೆಯ ಮಳೆ ನೂರಕ್ಕೆ 26ರಿಂದ 50ರಷ್ಟು ಕಡಿಮೆಯಾದರೆ ಸಾಧಾರಣ ಬರ, 50 ದಾಟಿದರೆ ತೀವ್ರ ಬರ. ಒಟ್ಟು ಮಳೆಯೊಂದೇ ಸಾಲದೆಂದು, ಮಳೆಯಿಲ್ಲದ ವಾರಗಳನ್ನೂ ಮಣ್ಣಿನ ಹಸಿಯನ್ನೂ ಅಂತರ್ಜಲವನ್ನೂ ನೋಡಬೇಕೆಂದು ಕೇಂದ್ರ ಸರಕಾರದ 2016ರ ಬರ ಕೈಪಿಡಿ ಹೇಳುತ್ತದೆ. ಅಜ್ಜ ಅದನ್ನು ಓದಿರಲಾರರು. 1972ರ ಬರದಲ್ಲಿ ಕಲ್ಲೊಡೆದವರು.

ಈಗ ಅವರ ಆಸೆಯೆಲ್ಲ ಹಿಂಗಾರಿಯ ಮೇಲೆ. ಮನೆಯಲ್ಲಿ ಒಂದೇ ಚೀಲ ಬೀಜ, ಮಾಲದಂಡಿ ಜೋಳದ್ದು. ವಿಜಾಪುರ ಸೀಮೆಯವರಾದ ನಮಗೆ ಆ ಹೆಸರು ಕೇಳಿದೊಡನೆ ತವರಿನ ರೊಟ್ಟಿ ನೆನಪಾಯಿತು. ಗುಡ್ಡದ ಓರೆಯ ತೆಳು ಮಣ್ಣಿನಲ್ಲಿ ಹಸಿ ನಾಲ್ಕು ದಿನವೂ ನಿಲ್ಲದು. ಕೆಳಗಿನ ಎರೆಭೂಮಿ ಒಮ್ಮೆ ತುಂಬ ನೆನೆದರೆ ಜೋಳವನ್ನು ಕೊನೆಯ ತನಕ ಸಾಕೀತು. ಅದೂ ಇನ್ನೂ ನೆನೆದಿರಲಿಲ್ಲ. ಈಗ ಬಿತ್ತಿದರೆ ಬೀಜ ಮಣ್ಣುಪಾಲಾದೀತು. ಬಿತ್ತದೆ ಕುಳಿತರೆ ಹದ ತಪ್ಪೀತು.

"ಏನು ಮಾಡುತ್ತೀರಿ, ಅಜ್ಜಾ?" ಎಂದೆವು. ಪಡುವಣದ ಕಡೆ ನೋಡಿದರು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

ಎರಡು ದಿನ ಬಿಟ್ಟು ದರ್ಶನ ಮುಗಿಸಿ ಅದೇ ದಾರಿಯಲ್ಲಿ ಮರಳಿದೆವು. ಮೋಡ ಕವಿದಿತ್ತು, ಹನಿ ಬಿದ್ದಿರಲಿಲ್ಲ. ಕೂರಿಗೆ ಬೇವಿನ ಮರಕ್ಕೆ ಒರಗಿಸಿದ ಹಾಗೆಯೇ ಇತ್ತು.