ಜಗಳವಾಡಲು ಜನ ಬೇಕಾಗಿದ್ದಾರೆ

ರಾಜಕೀಯದ ಮಾತು ಈಗ ಆಗುತ್ತಿರುವಷ್ಟು ಹಿಂದೆಂದೂ ಆಗಿರಲಿಲ್ಲ ಅನ್ನುವವರಿದ್ದಾರೆ. ಟೀವಿ ಹಾಕಿದರೆ ಅದೇ, ಫೋನು ತೆಗೆದರೆ ಅದೇ. ಅಂಥವರನ್ನು ನಾನು ಕೇಳುವುದಿಷ್ಟೆ: ನಿಮಗಾಗದ ಪಕ್ಷಕ್ಕೆ ವೋಟು ಹಾಕುವ ಗೆಳೆಯನ ಎದುರು ಕೂತು, ಅವನ ಮುಖ ನೋಡುತ್ತ ಅರ್ಧ ಗಂಟೆ ರಾಜಕೀಯ ಮಾತಾಡಿ ಎಷ್ಟು ಕಾಲವಾಯಿತು? ಮಾತಾಡಿ, ದನಿ ಏರಿಸಿ, ಕೊನೆಗೆ ಒಂದೇ ಸಂಚಿಯಿಂದ ಕವಳ ಹಾಕಿಕೊಂಡು ಎದ್ದು ಬಂದದ್ದು ಯಾವಾಗ? ನನ್ನ ಓರಗೆಯವರು ಈ ಪ್ರಶ್ನೆಗೆ ನಕ್ಕು ಸುಮ್ಮನಾಗುತ್ತಾರೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಅಡಿಕೆಗೆ ಕೊಳೆರೋಗ ಬರಬಹುದು, ರಾಜಕೀಯದ ಮಾತಿಗೆ ಬರ ಬಂದೀತೆಂದು ಯಾರೂ ಎಣಿಸಿರಲಿಲ್ಲ. ರಾಜ್ಯಗಳ ಪುನರ್‌ವಿಂಗಡಣೆಗೆ ಮುಂಚೆ, 1956ರಲ್ಲಿ, ಹಳೆ ಮೈಸೂರಿನ ಕೊನೆಯ ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರು ನಮ್ಮ ತಾಲ್ಲೂಕಿನವರು, ಕಾಂಗ್ರೆಸ್ಸಿನವರು. ಆ ಕಾಂಗ್ರೆಸ್ಸನ್ನು ಜೀವಮಾನವಿಡೀ ಎದುರಿಸಿದ ಸಮಾಜವಾದಿ ಶಾಂತವೇರಿ ಗೋಪಾಲಗೌಡರೂ ನಮ್ಮ ತಾಲ್ಲೂಕಿನವರೇ. ನಮ್ಮ ಜಿಲ್ಲೆಯದೇ ಆದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದರು. ಗೋಪಾಲಗೌಡರು ಚುನಾವಣೆಗೆ ನಿಂತಾಗ ಜನರಿಂದ ಒಂದು ವೋಟು, ಒಂದು ನೋಟು ಕೇಳಿದರೆಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಮತದಾರನೇ ಅಭ್ಯರ್ಥಿಗೆ ದುಡ್ಡು ಕೊಟ್ಟ ಕಾಲವೊಂದಿತ್ತು ಅಂದರೆ ಇಂದಿನ ಹುಡುಗರು ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ.

ಇಂಥ ಊರಿನಲ್ಲಿ ಮಾತು ಹುಟ್ಟುತ್ತಿದ್ದದ್ದು ಅಡಿಕೆ ಮಂಡಿಯ ಜಗಲಿಯಲ್ಲಿ. ಪೇಪರು ಬಸ್ಸಿನ ಮೇಲೆ ಬಂದು ಇಳಿಯುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ಬರುತ್ತಿದ್ದದ್ದು ಒಂದೇ ಪ್ರತಿ. ಮಂಡಿಯ ರೈಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಅಲ್ಲಿ ಕಾಂಗ್ರೆಸ್ಸಿನ ಗೌಡ್ರು, ಜನಸಂಘದ ಭಟ್ರು, ಲೋಹಿಯಾ ಹೆಸರೆತ್ತಿದರೆ ಕಣ್ಣರಳಿಸುತ್ತಿದ್ದ ಮೇಷ್ಟ್ರು, ಎಲ್ಲರನ್ನೂ ಸಮನಾಗಿ ಗೇಲಿ ಮಾಡುತ್ತಿದ್ದ ಬಟ್ಟೆ ಅಂಗಡಿಯ ಸಾಹೇಬ್ರು ಇರುತ್ತಿದ್ದರು. ಜಗಳ ಎಷ್ಟೇ ಜೋರಾದರೂ ನಾಲ್ವರೂ ಆಡುತ್ತಿದ್ದದ್ದು ಆ ಒಂದು ಹಾಳೆಯ ಮೇಲೆ ಅಚ್ಚಾದ ಸಂಗತಿಯ ಬಗ್ಗೆ. ಅಭಿಪ್ರಾಯ ನಾಲ್ಕಿದ್ದವು, ಸುದ್ದಿ ಒಂದೇ ಇತ್ತು. ಇದರ ಬೆಲೆ ನಮಗೆ ಆಗ ಗೊತ್ತಿರಲಿಲ್ಲ.

ಆ ಜಗಳಗಳು ಕಾಡುಹರಟೆಯಾಗಿರಲಿಲ್ಲ. ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದ ಮೇಲೆ, ಡಿಕ್ಲರೇಶನ್ ಕೊಟ್ಟು ಗದ್ದೆ ಪಡೆದವನೂ, ಅದೇ ಗದ್ದೆ ಕಳೆದುಕೊಂಡ ಒಡೆಯನೂ ಅದೇ ಜಗಲಿಗೆ ಬರುತ್ತಿದ್ದರು. ಒಬ್ಬನಿಗೆ ಅರಸರು ದೇವರು, ಇನ್ನೊಬ್ಬನಿಗೆ ಮನೆ ಮುರಿದವರು. ಭೂ ಟ್ರಿಬ್ಯುನಲ್ಲಿನ ಕಟಕಟೆಯಲ್ಲಿ ಎದುರುಬದುರು ನಿಂತು ಬಂದವರು ಮಧ್ಯಾಹ್ನ ಮಂಡಿಯಲ್ಲಿ ಬೆನ್ನು ತಿರುಗಿಸಿ ಕೂತದ್ದನ್ನು ಹುಡುಗನಾಗಿದ್ದಾಗ ಕಂಡಿದ್ದೇನೆ. ಬೆನ್ನು ತಿರುಗಿಸಿದರೂ ಕೂರುತ್ತಿದ್ದರು, ಎದ್ದು ಹೋಗುತ್ತಿರಲಿಲ್ಲ. ಕೊನೆಕೊಯ್ಲಿಗೆ ಒಬ್ಬನಿಗೆ ಇನ್ನೊಬ್ಬ ಬೇಕಿತ್ತು, ಮನೆಯಲ್ಲಿ ಸಾವಾದರೆ ಹೆಗಲು ಕೊಡಲು ಬೇಕಿತ್ತು. ಸಿದ್ಧಾಂತಕ್ಕಿಂತ ಆ ಅಗತ್ಯ ಒಂದು ಕೈ ಮೇಲಿತ್ತು.

1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಪಕ್ಕದ ಚಿಕ್ಕಮಗಳೂರಿನಿಂದ ಉಪಚುನಾವಣೆಗೆ ನಿಂತಾಗ ಮಂಡಿಯಲ್ಲಿ ವ್ಯಾಪಾರವೇ ನಿಂತಿತೇನೋ ಅನಿಸಿತ್ತು. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತ ಹೆಂಗಸು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಅವರ ಪಕ್ಷಕ್ಕೆ ಒಂದೇ ಒಂದು ಸ್ಥಾನ ಸಿಗದಿದ್ದಾಗ ಕರ್ನಾಟಕ 28ರಲ್ಲಿ 26 ಕೊಟ್ಟಿತ್ತು. ಈಗ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರಕ್ಕೆ ಬಂದಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. "ತುರ್ತುಪರಿಸ್ಥಿತಿ ತಂದವಳಿಗೆ ನಮ್ಮ ಮಲೆನಾಡೇ ಬೇಕಿತ್ತಾ?" ಎಂದು ಮೇಷ್ಟ್ರು ಕೂಗಿದರೆ, "ನಂಗೆ ಗದ್ದೆ ಕೊಟ್ಟ ಪಕ್ಷ ಮೇಷ್ಟ್ರೆ, ಅದಕ್ಕೆ ನೀವೆಂತ ಹೇಳ್ತೀರಿ?" ಎಂದು ಮೂಲೆಯಿಂದ ಉತ್ತರ ಬರುತ್ತಿತ್ತು. ಮೇಷ್ಟ್ರಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಕಾಗೋಡಿಗಾಗಿ ಜೈಲು ಸೇರಿದ ಸಮಾಜವಾದಿಗಳ ಕನಸನ್ನು ಕಾಂಗ್ರೆಸ್ಸಿನ ಅರಸರು ಕಾನೂನಾಗಿ ತಂದಿದ್ದರು. ಮೇಷ್ಟ್ರು ಕಾಲು ಗಳಿಗೆ ಸುಮ್ಮನಿದ್ದು "ಅದೂ ಹೌದನ್ನಿ" ಎನ್ನುತ್ತಿದ್ದರು. ಇಂದಿರಾ ಗೆದ್ದರು, ಒಂದೂವರೆ ತಿಂಗಳು ಕಳೆಯುವುದರೊಳಗೆ ಲೋಕಸಭೆ ಅವರನ್ನು ಹೊರಗೆ ಹಾಕಿತು, ಮಂಡಿಗೆ ಮತ್ತೊಂದು ಮಳೆಗಾಲಕ್ಕಾಗುವಷ್ಟು ಮಾತು ಸಿಕ್ಕಿತು.

ಆಗ ಚುನಾವಣೆ ಅಂದರೆ ಹಬ್ಬ ಎನ್ನುವುದು ಸವೆದ ಮಾತು. ಅದು ತಾಳ್ಮೆಯ ಪರೀಕ್ಷೆಯೂ ಆಗಿತ್ತು. ಮತಪತ್ರಗಳನ್ನು ಕೈಯಲ್ಲಿ ಎಣಿಸುತ್ತಿದ್ದರು. ಎಣಿಕೆ ಹಗಲು ಕಳೆದು ರಾತ್ರಿಗೆ, ರಾತ್ರಿ ಕಳೆದು ಮರುದಿನಕ್ಕೆ ಹೋಗುತ್ತಿತ್ತು. ಟ್ರಾನ್ಸಿಸ್ಟರಿನ ಸುತ್ತ ಕೂತವರಿಗೆ ಪ್ರದೇಶ ಸಮಾಚಾರದಲ್ಲಿ ಬಂದಷ್ಟೇ ಸುದ್ದಿ. ಮುಂದಿನ ವಾರ್ತೆಯವರೆಗೆ ಮಾಡುವುದೇನು? ಮಾತಾಡುವುದು. ಯಾವ ಜಾತಿ ಎತ್ತ ಹೋಯಿತು, ಯಾವ ಹೋಬಳಿ ಕೈ ಕೊಟ್ಟಿತು ಎಂದು ಬೀಡಿ ಪೊಟ್ಟಣದ ಮೇಲೆ ಲೆಕ್ಕ ಹಾಕುವುದು. ಸೋತರೆ ಅರ್ಧ ಮೀಸೆ ಬೋಳಿಸುತ್ತೇನೆಂದು ಬಾಜಿ ಕಟ್ಟಿ, ಕೊನೆಗೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿ ಮೀಸೆ ಉಳಿಸಿಕೊಳ್ಳುವುದು. ಮುಂದೆ ಟೀವಿ ಬಂತು. 1989ರ ಎಣಿಕೆಯ ದಿನ ದೂರದರ್ಶನದವರು ಫಲಿತಾಂಶದ ನಡುವೆ ಹಿಂದಿ ಸಿನಿಮಾ ಹಾಕುತ್ತಿದ್ದರು. ಟೀವಿ ಇದ್ದ ಮನೆಯ ಹಜಾರದಲ್ಲಿ ಕಾಂಗ್ರೆಸ್ಸಿನವರು, ಜನತಾದಳದವರು, ಬಿಜೆಪಿಯವರು ಒಟ್ಟಿಗೆ ಕೂತು ಸಿನಿಮಾ ನೋಡಿದರು. ಸೋಲು ಗೆಲುವು ಪೂರ್ತಿ ಗೊತ್ತಾಗುವ ಹೊತ್ತಿಗೆ ಸೋತವನಿಗೆ ಅರ್ಧ ಸಮಾಧಾನವಾಗಿರುತ್ತಿತ್ತು, ಗೆದ್ದವನ ಅರ್ಧ ಸೊಕ್ಕು ಇಳಿದಿರುತ್ತಿತ್ತು. ಮತಯಂತ್ರ ಒಳ್ಳೆಯದೇ ಮಾಡಿತು, ಬೂತು ವಶಪಡಿಸಿಕೊಳ್ಳುವವರಿಗೆ ಕಷ್ಟವಾಯಿತು. ಆದರೆ 2004ರಿಂದ ಲೋಕಸಭೆಯ ಲೆಕ್ಕವೆಲ್ಲ ಬೆಳಗಿನ ತಿಂಡಿಯ ಹೊತ್ತಿಗೆ ಅಂದಾಜಾಗಿ ಮಧ್ಯಾಹ್ನದ ಊಟಕ್ಕೆ ಹೆಚ್ಚುಕಡಿಮೆ ಮುಗಿದುಹೋಗುತ್ತಿದೆ. ಕಾಯುವ ಹೊತ್ತು ಇಲ್ಲವಾದಾಗ ಜೊತೆ ಕೂರುವ ನೆವವೂ ಹೋಯಿತು.

ಭಾಷಣ ಕೇಳುವುದೂ ಹಾಗೆಯೇ. ಎದುರು ಪಕ್ಷದ ನಾಯಕ ಬಂದರೆ ಮೊದಲು ಹೋಗಿ ಕೂರುತ್ತಿದ್ದವರು ನಮ್ಮ ಭಟ್ರು. "ಅವನೆಂತ ಹೇಳ್ತಾನೆ ಅಂತ ಕೇಳದೆ ಬಯ್ಯೋದು ಹೇಗೆ ಮಾರಾಯಾ?" ಎನ್ನುತ್ತಿದ್ದರು. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲರು ನಮ್ಮ ಶಿವಮೊಗ್ಗ ಕ್ಷೇತ್ರದ ಸಂಸದರು. ಅವರ ಹಾಸ್ಯಕ್ಕೆ ಅವರಿಗೆ ವೋಟು ಹಾಕದವರೂ ನಗುತ್ತಿದ್ದರು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ವಾರಕ್ಕೊಮ್ಮೆ ಮಂಡಿಗೆ ಬಂದರೆ ಬೈಸಿಕೊಂಡ ಪಕ್ಷದವರೇ ಮೊದಲು ಓದಲು ಕೈಚಾಚುತ್ತಿದ್ದರು. ಈಗ ಸಭೆಗೆ ಜನರನ್ನು ಬಸ್ಸಿನಲ್ಲಿ ತುಂಬಿ ತರುತ್ತಾರೆ. ಎದುರಾಳಿಯ ಮಾತನ್ನು ತಾನಾಗಿ ಹೋಗಿ ಕೇಳುವವನನ್ನು ಹುಡುಕಬೇಕು.

ಆ ಜಗಲಿಯನ್ನು ಸ್ವರ್ಗವೆಂದು ಹೇಳಲಾರೆ. ಅಲ್ಲಿ ಹೆಂಗಸರಿರಲಿಲ್ಲ. ನಮ್ಮಮ್ಮನ ರಾಜಕೀಯವೆಲ್ಲ ಕೊಟ್ಟಿಗೆಯಲ್ಲಿ, ಹಿತ್ತಲ ಬೇಲಿಯ ಎರಡು ಬದಿಯಲ್ಲಿ ನಡೆಯುತ್ತಿತ್ತು. "ನಿಮ್ಮಪ್ಪಯ್ಯ ಹೇಳಿದ ಗುರುತಿಗೇ ಹಾಕಿದೆ ಅಂತ ಹೇಳಿದ್ದೇನೆ, ಹಾಕಿದ್ದು ಬೇರೆ" ಎಂದು ಒಮ್ಮೆ ನನ್ನೊಬ್ಬನಿಗೆ ಹೇಳಿ ನಕ್ಕಿದ್ದಳು. ಅಡಿಕೆ ಮೂಟೆ ಹೊರುತ್ತಿದ್ದವರು ಜಗಲಿಯ ಕೆಳಗೆ ನಿಂತು ಕೇಳಬಹುದಿತ್ತು, ಮೇಲೆ ಕೂತು ಹೇಳುವಂತಿರಲಿಲ್ಲ. ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಸುದ್ದಿ ಬಂದ ಮೇಲೆ ಅವರಲ್ಲಿ ಕೆಲವರು ಕೇಳುವುದನ್ನು ಬಿಟ್ಟು ಉತ್ತರ ಕೊಡಲು ಶುರುಮಾಡಿದರು. ಜಗಲಿಗೆ ಅದು ಸುಲಭವಾಗಿ ರುಚಿಸಲಿಲ್ಲ. ಹಾಗಾಗಿ ಹಳೆಯದೆಲ್ಲ ಹಾಗೇ ಮರಳಲಿ ಎಂದು ನಾನು ಕೇಳುತ್ತಿಲ್ಲ. ಜಗಲಿ ದೊಡ್ಡದಾಗಬೇಕಿತ್ತು, ಎಲ್ಲರಿಗೂ ಜಾಗವಾಗಬೇಕಿತ್ತು. ಆದದ್ದೇನೆಂದರೆ, ಅದು ದೊಡ್ಡದಾಗುವ ಮೊದಲೇ ಮುರಿದುಬಿತ್ತು.

ಮುರಿದವರು ಯಾರು? ರಾಜಕಾರಣಿಗಳ ಮೇಲೆ ಹೊರಿಸುವುದು ಸುಲಭ, ಅವರ ಪಾಲೂ ಇದೆ. ಆದರೆ ಅಷ್ಟೇ ಅಲ್ಲ. ಮಕ್ಕಳು ಬೆಂಗಳೂರಿಗೆ ಹೋದರು, ಕೊಯ್ಲಿಗೆ ಗುತ್ತಿಗೆಯವರು ಬಂದರು, ಒಬ್ಬರ ಹಂಗು ಇನ್ನೊಬ್ಬರಿಗೆ ಇಲ್ಲವಾಯಿತು. ರಾಶಿ ಅಡಿಕೆಯ ದರ ತಿಳಿಯಲು ಮಂಡಿಗೆ ಹೋಗಬೇಕಿಲ್ಲ, ಫೋನಿನಲ್ಲಿ ಬರುತ್ತದೆ. ಜೊತೆಗೆ ಅವರವರ ಸುದ್ದಿಯೂ ಬರುತ್ತದೆ. ಒಂದೇ ಹಾಳೆ ಓದುತ್ತಿದ್ದ ನಾಲ್ವರ ಕೈಯಲ್ಲಿ ಈಗ ನಾಲ್ಕು ಬೇರೆ ದೇಶಗಳ ವರ್ತಮಾನ ಇದ್ದಂತಿದೆ. ಸಂಜೆಯ ಟೀವಿ ಚರ್ಚೆ ನೋಡಿ ನಾವು ಜಗಳವಾಡುವ ರೀತಿಯನ್ನೂ ಬದಲಿಸಿಕೊಂಡೆವು. ಎಷ್ಟು ವರ್ಷ ನೋಡಿದರೂ ಅಲ್ಲಿ ಒಬ್ಬ ವಕ್ತಾರನೂ ನಮ್ಮ ಮೇಷ್ಟ್ರ ಹಾಗೆ "ಅದೂ ಹೌದನ್ನಿ" ಎಂದದ್ದನ್ನು ನಾನು ಕೇಳಿಲ್ಲ. ಒಪ್ಪಬಾರದೆಂದೇ ಅವನನ್ನು ಅಲ್ಲಿ ಕೂರಿಸಿರುತ್ತಾರೆ. ನಮಗಂಥ ಕೆಲಸ ಯಾರೂ ಕೊಟ್ಟಿರಲಿಲ್ಲ, ನಾವಾಗಿಯೇ ವಹಿಸಿಕೊಂಡೆವು.

ನಮ್ಮ ಹೈಸ್ಕೂಲು ಗೆಳೆಯರದ್ದೊಂದು ವಾಟ್ಸಾಪ್ ಗುಂಪಿದೆ. ಒಂದು ಚುನಾವಣೆಯ ಹೊತ್ತಿಗೆ ಅಲ್ಲಿ ಆಡಬಾರದ ಮಾತುಗಳಾದವು, ಕೆಲವರು ಹೊರಗೆ ಹೋದರು. ಉಳಿದವರು ರಾಜಕೀಯ ನಿಷಿದ್ಧ ಎಂದು ನಿಯಮ ಮಾಡಿದರು. ಈಗ ಬೆಳಗಿನ ಶುಭಾಶಯ, ಹುಟ್ಟುಹಬ್ಬ, ಓಂ ಶಾಂತಿ. ರಾಜಕೀಯ ನಿಂತಿತೇ? ಇಲ್ಲ. ಒಂದೇ ಮನಸ್ಸಿನವರು ಸೇರಿ ಬೇರೆ ಬೇರೆ ಸಣ್ಣ ಗುಂಪು ಕಟ್ಟಿಕೊಂಡರು. ಅಲ್ಲಿ ತಲೆಯಾಡಿಸುವವರಷ್ಟೇ ಇರುತ್ತಾರೆ. ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಹಂಚಿಕೊಂಡ ಇಬ್ಬರು ಈಚೆಗೆ ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿ ಬದಲಿಸಿದ್ದನ್ನು ನೋಡಿದೆ. ಅವರಿಬ್ಬರ ನಡುವೆ ಗದ್ದೆಯ ವ್ಯಾಜ್ಯವಿರಲಿಲ್ಲ, ಸಾಲವಿರಲಿಲ್ಲ. ದೆಹಲಿಯ ಯಾರೋ ಇಬ್ಬರ ಸಲುವಾಗಿ ಇಲ್ಲಿಯ ಇಬ್ಬರು ಮಾತು ಬಿಟ್ಟಿದ್ದರು. ದೆಹಲಿಯವರು ಸಂಸತ್ತಿನ ಹಜಾರದಲ್ಲಿ ಕೈಕುಲುಕಿಯೇ ಇರುತ್ತಾರೆ.

ತುರ್ತುಪರಿಸ್ಥಿತಿಯಲ್ಲಿಯೂ ಮಂಡಿಯ ದನಿ ತಗ್ಗಿತ್ತು. ಯಾರ ಮಾತು ಯಾರ ಕಿವಿಗೆ ಬೀಳುತ್ತದೋ ಎಂಬ ಅಂಜಿಕೆ. ಆದರೆ ಅದು ಸರ್ಕಾರದ ಭಯ. 1977ರ ಮಾರ್ಚಿನಲ್ಲಿ ಅದು ತೆರವಾದೊಡನೆ ಮಾತು ಮತ್ತೆ ಬಂತು. ಈಗಿರುವುದು ಒಬ್ಬರ ಬಗ್ಗೆ ಇನ್ನೊಬ್ಬರಿಗಿರುವ ಭಯ. ಇದನ್ನು ಯಾವ ಆದೇಶವೂ ತೆರವು ಮಾಡಲಾರದು.

ವಿಚಿತ್ರವೆಂದರೆ ಮತದಾರನ ವಿವೇಕಕ್ಕೇನೂ ಕುಂದಾಗಿಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿಗೆ 28ರಲ್ಲಿ 24 ಕೊಟ್ಟ ಕರ್ನಾಟಕ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದಾಗ, 1985ರ ಮಾರ್ಚಿನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟಿತು. ದೆಹಲಿಗೊಂದು ಲೆಕ್ಕ, ಬೆಂಗಳೂರಿಗೊಂದು ಲೆಕ್ಕ. 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿನ 135 ಮಂದಿಯನ್ನು ಆರಿಸಿದ ಇದೇ ಜನ 2024ರಲ್ಲಿ ಲೋಕಸಭೆಗೆ ಬಿಜೆಪಿಯ 17 ಮಂದಿಯನ್ನು ಕಳಿಸಿದರು. ಅಂದರೆ ಜನ ಈಗಲೂ ತೂಗಿ ನೋಡುತ್ತಾರೆ, ಮನಸ್ಸು ಬದಲಿಸುತ್ತಾರೆ. ಒಂದೇ ಪಕ್ಷಕ್ಕೆ ಬರೆದುಕೊಟ್ಟವರಲ್ಲ. ಬೂತಿನ ಮರೆಯಲ್ಲಿ ಇಷ್ಟು ಬಿಚ್ಚು ಮನಸ್ಸಿನವರಾದ ನಾವು ಗೆಳೆಯನ ಮುಂದೆ ಯಾಕೆ ಇಷ್ಟು ಬಿಗಿದುಕೊಂಡಿದ್ದೇವೆ? 1985ರಲ್ಲಿ ಯಾಕೆ ಹಾಗೆ ಹಾಕಿದೆವೆಂದು ಮಂಡಿಯಲ್ಲಿ ತಿಂಗಳುಗಟ್ಟಲೆ ಚರ್ಚೆಯಾಯಿತು. 2024ರಲ್ಲಿ ಯಾಕೆ ಹೀಗೆ ಹಾಕಿದಿರೆಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ಊರು ಒಡೆಯುವುದು ಭಿನ್ನಾಭಿಪ್ರಾಯದಿಂದಲ್ಲ, ಭಿನ್ನಾಭಿಪ್ರಾಯವನ್ನು ಎದುರಿಗೆ ಹೇಳಲಾಗದೆ ಮನೆಯಲ್ಲಿ ಕೂಡಿಟ್ಟುಕೊಳ್ಳುವುದರಿಂದ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ನಿಮ್ಮ ಪಕ್ಷದವನಲ್ಲದ ಒಬ್ಬ ಗೆಳೆಯನನ್ನು, ಗೆಳತಿಯನ್ನು ಈ ವಾರವೇ ಕಾಫಿಗೆ ಕರೆಯಿರಿ. ಫೋನು ಜೇಬಿನಲ್ಲಿರಲಿ. ಅವರು ಯಾಕೆ ಆ ಕಡೆ ಹೋದರೆಂದು ಕೇಳಿ, ಪೂರ್ತಿ ಹೇಳುವವರೆಗೆ ಬಾಯಿ ಹಾಕಬೇಡಿ. ಆಮೇಲೆ ಬೇಕಾದಷ್ಟು ಜಗಳವಾಡಿ. ಬಿಲ್ಲನ್ನು ಮಾತ್ರ ನೀವೇ ಕೊಡಿ, ಕರೆದವರು ನೀವು.