'ಯೆಂಡ'ಕ್ಕೆ ಇನ್ನೊಂದು ಪದ ಇಲ್ಲ

ಕೋಡ್‌ನಲ್ಲಿ ವೇರಿಯಬಲ್‌ಗೆ ಏನು ಹೆಸರಿಟ್ಟರೂ ಔಟ್‌ಪುಟ್ ಬದಲಾಗಲ್ಲ. ಕವಿತೆಯಲ್ಲಿ ಹಾಗಲ್ಲ. ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ತಗೊಳ್ಳಿ. ನಾನು ಮೊದಲು ಕೇಳಿದ್ದು ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ, ಓದಿದ್ದು ಆಮೇಲೆ. ರತ್ನ ಕುಡಿಯೋದು 'ಯೆಂಡ'. ಅದನ್ನು 'ಹೆಂಡ' ಅಂತ ತಿದ್ದಿ ನೋಡಿ. ಅರ್ಥ ಅದೇ, ಮಾತ್ರೆ ಲೆಕ್ಕವೂ ಅದೇ. ಆದರೆ ರತ್ನ ಎದ್ದು ಹೋಗಿರ್ತಾನೆ, ಅವನ ಜಾಗದಲ್ಲಿ ಯಾರೋ ಮೇಷ್ಟ್ರು ಕುಡಿದವರ ಹಾಗೆ ನಟಿಸ್ತಾ ಕೂತಿರ್ತಾರೆ. 'ಮದಿರೆ' ಅಂದರಂತೂ ಯಾವುದೋ ರಾಜನ ಆಸ್ಥಾನವೇ ಬಂತು. ಬೌದ್ಧ, ಜೈನ ಸಾಹಿತ್ಯ ಅರೆದು ಕುಡಿದಿದ್ದ ರಾಜರತ್ನಂ ಅವರಿಗೆ 'ಹ'ಕಾರ ಗೊತ್ತಿರಲಿಲ್ಲ ಅಂತ ಯಾರೂ ಹೇಳಲಾರರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡ ಸಿಕ್ಕಿದ್ದು ಎರಡು ಕಡೆ: ಸೆಕೆಂಡ್ ಲ್ಯಾಂಗ್ವೇಜ್ ಪುಸ್ತಕ, ಮತ್ತೆ ಮದ್ದೂರಿನ ಹತ್ತಿರದ ಹಳ್ಳಿಯಲ್ಲಿರೋ ನಮ್ಮಜ್ಜಿ. ಪುಸ್ತಕದ ಕನ್ನಡದಿಂದ ಮಾರ್ಕ್ಸ್ ಬಂತು. ಸಿಟ್ಟು, ಹಸಿವು, ಬೇಜಾರು ಬರೋದು ಮಾತ್ರ ಅಜ್ಜಿ ಕನ್ನಡದಲ್ಲೇ.

ಈಗ ಅಜ್ಜಿ ಮೇಲೆ ಒಂದು ಪದ್ಯ ಬರೀತಿದೀನಿ. ಅದರಲ್ಲಿ ಅಜ್ಜಿ "ಹಿಟ್ಟುಂಡ್ಯೇನ್ಲಾ ಮಗಾ?" ಅಂತ ಕೇಳ್ತಾಳೆ. ಫ್ರೆಂಡ್ ಒಬ್ಬ ಓದಿ, "'ಊಟ ಮಾಡಿದೆಯಾ' ಅಂತ ಹಾಕೋ, ನೀಟಾಗಿರತ್ತೆ" ಅಂದ. ಹಾಕಿ ನೋಡಿದೆ. ಹಾಸ್ಟೆಲ್ ವಾರ್ಡನ್ ಕೇಳಿದ ಹಾಗಿತ್ತು! ಪುಸ್ತಕದಲ್ಲಿ 'ಹಿಟ್ಟು' ಅಂದ್ರೆ ಬರೀ ಪುಡಿ, ಮಂಡ್ಯ ಕಡೆ ಅದು ಮುದ್ದೆ. ಇನ್ನು 'ಉಣ್ಣು' ಅನ್ನೋದನ್ನ ನಾವೆಲ್ಲ ಹಳ್ಳಿ ಮಾತು ಅಂತೀವಿ. ಆದರೆ 'ಉಣ್' ಹಳಗನ್ನಡದ ಧಾತು, ನೀಟಾದ 'ಊಟ' ಹುಟ್ಟಿದ್ದೇ ಅದರಿಂದ.

ಹಾಗಂತ ಆಡುಮಾತು ತುಂಬಿದರೆ ಪದ್ಯ ಆಗ್ಬಿಡತ್ತೆ ಅಂತಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಕಡೆಯ ಮಾತಿನಲ್ಲಿದೆ. ಕಣ್ಣಲ್ಲಿ ಓದಿದಾಗ ಮೊದಲ ಪುಟವೇ ದಾಟಲಿಲ್ಲ, ಬಾಯಿಬಿಟ್ಟು ಓದಿದಾಗ ದಾಟಿತು. ಆ ಜನ ಬೇರೆ ಥರ ಮಾತಾಡೋಕೆ ಸಾಧ್ಯವೇ ಇಲ್ಲ ಅನ್ಸತ್ತೆ. ನನ್ನ ಪದ್ಯದಲ್ಲಿ ಅಂಥದ್ದು ಇರೋದು ಅಜ್ಜಿಯ ಒಂದು ಸಾಲು ಮಾತ್ರ. ಮಿಕ್ಕಿದ್ದರಲ್ಲಿ ಮಾತಾಡ್ತಿರೋದು ನಾನು, ಹಾಗಾಗಿ ಅಲ್ಲಿ 'ಮೆಸ್', 'ಬ್ಯಾಕ್‌ಲಾಗ್' ಎಲ್ಲ ಇವೆ. ಇರಲಿ.

ಅಜ್ಜಿಗೆ ಈಗ ಕಿವಿ ಸರಿಯಾಗಿ ಕೇಳಲ್ಲ. ಫೋನಲ್ಲಿ ಮಾತು ಕಮ್ಮಿಯಾಗಿದೆ, ಆ ಪ್ರಶ್ನೆಯೊಂದನ್ನ ಮಾತ್ರ ಬಿಟ್ಟಿಲ್ಲ. ಸೆಮ್ ರಜೆಗೆ ಹೋದಾಗ ಪದ್ಯ ಓದಿ ಹೇಳಬೇಕು. ಜೋರಾಗಿ.