ಹಳೆಯ ಮನೆ, ಮೂರು ದಿನದ ಬಿಯರ್

ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಯಾರ್ಕ್ ನಗರದಲ್ಲಿ ಬೀದಿಗೆ ‘ಗೇಟ್’ ಎಂದೂ, ಕೋಟೆಯ ಬಾಗಿಲಿಗೆ ‘ಬಾರ್’ ಎಂದೂ, ಬಾರಿಗೆ ‘ಪಬ್’ ಎಂದೂ ಹೆಸರು ಎಂಬುದು ಅಲ್ಲಿಯವರು ಹೊಸಬರಿಗೆ ತಪ್ಪದೆ ಹೇಳುವ ಚಟಾಕಿ. ಚಟಾಕಿಯಾದರೂ ಅದರೊಳಗೆ ಚರಿತ್ರೆ ಅಡಗಿದೆ. ಕ್ರಿ.ಶ. 71ರಲ್ಲಿ ರೋಮನ್ ಸೈನ್ಯ ಬೀಡುಬಿಟ್ಟ ಈ ಊರನ್ನು 866ರಲ್ಲಿ ವೈಕಿಂಗರು ಗೆದ್ದುಕೊಂಡು, ಬೀದಿ ಎಂಬ ಅರ್ಥದ ತಮ್ಮ ‘ಗಾಟಾ’ ಶಬ್ದವನ್ನು ಇಲ್ಲಿ ಬಿಟ್ಟುಹೋದುದರಿಂದಲೇ ಸ್ಟೋನ್‌ಗೇಟ್, ಪೀಟರ್‌ಗೇಟ್, ಫಾಸ್‌ಗೇಟ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಆ ಬೀದಿಗಳಲ್ಲಿ ಕೋಟೆಬಾಗಿಲನ್ನು ಹುಡುಕಹೊರಟವನು ಬರಿಗೈಯಲ್ಲಿ ಹಿಂದಿರುಗುತ್ತಾನೆ, ಬಾಯಾರಿಕೆಯಿಂದ ಹೊರಟವನು ಮಾತ್ರ ಹಾಗೆ ಹಿಂದಿರುಗುವುದಿಲ್ಲ.

ಪಬ್ ಎಂಬುದು ‘ಪಬ್ಲಿಕ್ ಹೌಸ್’ ಎಂಬ ಮಾತಿನ ಮೊಟಕು ರೂಪ, ಅಂದರೆ ಬಂದವರಿಗೆಲ್ಲ ತೆರೆದಿಟ್ಟ ಮನೆ. ಹಿಂದಿನ ಕಾಲದಲ್ಲಿ ಬಿಯರ್ ಮಾತ್ರ ಮಾರುತ್ತಿದ್ದ ಏಲ್‌ಹೌಸ್, ಮುಖ್ಯವಾಗಿ ದ್ರಾಕ್ಷಿಯ ಮದ್ಯ ಮಾರುತ್ತಿದ್ದ ಟ್ಯಾವರ್ನ್, ಪ್ರಯಾಣಿಕರಿಗೆ ಊಟ, ಹಾಸಿಗೆ, ಕುದುರೆಗೆ ಲಾಯ ಒದಗಿಸುತ್ತಿದ್ದ ಇನ್ ಎಂಬ ಮೂರು ಬಗೆಗಳಿದ್ದವು. ಇಂದು ಈ ಮೂರೂ ಒಂದೇ ಆಗಿವೆಯಾದರೂ ಹೊರಗಿನ ಹಲಗೆಯ ಮೇಲೆ ‘ಇನ್’ ಎಂಬ ಪದ ಉಳಿದುಕೊಂಡಿದ್ದು, ಒಳಗೆ ಹಾಸಿಗೆ ಸಿಕ್ಕೀತೆಂಬ ಭರವಸೆ ಎಲ್ಲೆಡೆಯೂ ಇಲ್ಲ.

ಹಳತನದ ವಿಷಯದಲ್ಲಿ ಯಾರ್ಕಿನ ಪಬ್‌ಗಳ ನಡುವೆ ದಾಯಾದಿಗಳ ಜಗಳಕ್ಕೆ ಸಮನಾದ ಪೈಪೋಟಿಯಿದೆ. ಸ್ಟೋನ್‌ಗೇಟಿನ ‘ಯೀ ಓಲ್ಡ್ ಸ್ಟಾರ್ ಇನ್’ ತನ್ನ ಪರವಾನಗಿಯನ್ನು 1644ರಿಂದ ಲೆಕ್ಕ ಹಾಕುತ್ತದೆ. ಪೇವ್‌ಮೆಂಟ್ ಬೀದಿಯ ‘ಗೋಲ್ಡನ್ ಫ್ಲೀಸ್’ 1503ರ ದಾಖಲೆಯನ್ನು ಮುಂದಿಡುತ್ತದೆ, ಅದು ಸಾಲದೆಂಬಂತೆ ದೆವ್ವಗಳನ್ನೂ ಸಾಕ್ಷಿಗೆ ಕರೆಯುತ್ತದೆ. ‘ಬ್ಲ್ಯಾಕ್ ಸ್ವಾನ್’ ಇರುವ ಮರದ ಚೌಕಟ್ಟಿನ ಮನೆಯಾದರೋ 15ನೆಯ ಶತಮಾನದ್ದು, 1417ರಲ್ಲಿ ನಗರದ ಮೇಯರಾಗಿದ್ದ ವಿಲಿಯಂ ಬೋಸ್‌ನ ಮನೆತನಕ್ಕೆ ಸೇರಿದುದು, ಆದರೆ ಅದು ಪಬ್ ಆದದ್ದು ಬಹಳ ಕಾಲದ ಮೇಲೆ. 1605ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್ 1570ರಲ್ಲಿ ಕ್ರೈಸ್ತ ದೀಕ್ಷೆ ಪಡೆದ ಚರ್ಚಿನ ಎದುರಿಗಿರುವ ಪಬ್ಬು ಅವನು ಹುಟ್ಟಿದ್ದು ತನ್ನಲ್ಲಿಯೇ ಎನ್ನುತ್ತದೆ. ಸ್ಟೋನ್‌ಗೇಟಿನವರು ತಮ್ಮ ಬೀದಿಯಲ್ಲಿ ಎನ್ನುತ್ತಾರೆ. ಕಟ್ಟಡದ ವಯಸ್ಸು, ಪರವಾನಗಿಯ ವಯಸ್ಸು, ಹೆಸರಿನ ವಯಸ್ಸು ಎಂಬ ಮೂರನ್ನು ಬೇಕಾದಂತೆ ಅದಲುಬದಲು ಮಾಡಿಕೊಳ್ಳಬಹುದಾದುದರಿಂದ ಈ ವ್ಯಾಜ್ಯ ಎಂದೂ ಇತ್ಯರ್ಥವಾಗಲಾರದು, ಆಗದಿರುವುದೇ ವ್ಯಾಪಾರಕ್ಕೆ ಒಳ್ಳೆಯದು. ಇವೆಲ್ಲಕ್ಕಿಂತ ನಂಬಲರ್ಹವಾದುದು ಸ್ಟಾರ್ ಇನ್‌ನ ಹೆಸರನ್ನು ಹೊತ್ತು ಸ್ಟೋನ್‌ಗೇಟಿನ ನೆತ್ತಿಯ ಮೇಲೆ ಈ ಬದಿಯಿಂದ ಆ ಬದಿಗೆ ತೋರಣದಂತೆ ಹಾಯ್ದಿರುವ ಮರದ ತೊಲೆ. ಪಬ್ಬು ಬೀದಿಗೆ ಕಾಣದಂತೆ ಒಂದು ಕಿರಿದಾದ ಸಂದಿಯ ತುದಿಯಲ್ಲಿ ಅಡಗಿರುವುದರಿಂದ 1733ರಲ್ಲಿ ಈ ಉಪಾಯ ಹೂಡಲಾಯಿತು.

ಒಂದು ಪಬ್ಬಿನ ನಿಜವಾದ ಹಳತನವನ್ನು ಅದರ ಇಸವಿಯಲ್ಲಿ ಹುಡುಕುವುದಕ್ಕಿಂತ ಕೋಣೆಗಳ ಹಂಚಿಕೆಯಲ್ಲಿ ಹುಡುಕುವುದು ಮೇಲು. ಈ ದೃಷ್ಟಿಯಿಂದ ಫಾಸ್‌ಗೇಟಿನ ‘ಬ್ಲೂ ಬೆಲ್’ ಎಂಬ ಪುಟ್ಟ ಪಬ್ಬಿಗೆ ಸಾಟಿಯಿಲ್ಲ. ಅದರ ಒಳಾಂಗಣ 1903ರದು, ಯಾರ್ಕಿನ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಆದರೆ ಬೇರೆಡೆ ಗೋಡೆಗಳನ್ನು ಕೆಡವಿ ಒಂದೇ ದೊಡ್ಡ ಹಜಾರ ಮಾಡಿದ ಕಾಲದಲ್ಲಿಯೂ ಇಲ್ಲಿ ಬೀದಿಯ ಬದಿಗೊಂದು ಬಾರು, ಹಿಂಬದಿಗೆ ‘ಸ್ಮೋಕ್ ರೂಮ್’ ಎಂಬ ಇನ್ನೊಂದು ಕೋಣೆ, ಎರಡನ್ನೂ ಜೋಡಿಸುವ ಇಕ್ಕಟ್ಟಾದ ಓಣಿ, ಆ ಓಣಿಯಲ್ಲಿ ನಿಂತವರಿಗೆ ಲೋಟ ದಾಟಿಸಲು ಒಂದು ಕಿಂಡಿ, ಎಲ್ಲವೂ ಇದ್ದಂತೆಯೇ ಉಳಿದಿವೆ. ಹಳೆಯದೆಲ್ಲ ಚೆನ್ನವೆಂದು ಮರುಳಾಗುವವರು ನೆನಪಿಡಬೇಕಾದ ಇನ್ನೊಂದು ಸಂಗತಿಯೂ ಈ ಗೋಡೆಗಳಲ್ಲಿದೆ: ಮುಂದಿನ ಬಾರಿಗೆ ಹೆಂಗಸರಿಗೆ 1990ರ ದಶಕದವರೆಗೂ ಪ್ರವೇಶವಿರಲಿಲ್ಲ.

ಇಂತಹ ಮನೆಗಳಲ್ಲಿ ಅತ್ಯಂತ ಎಳೆಯ ವಸ್ತುವೆಂದರೆ ಅಲ್ಲಿ ಮಾರುವ ಪಾನೀಯವೇ. ‘ರಿಯಲ್ ಏಲ್’ ಎಂದು ಕರೆಯಲ್ಪಡುವ ಬಿಯರ್ ಕಾರ್ಖಾನೆಯಿಂದ ಹೊರಡುವಾಗ ಇನ್ನೂ ಪೂರ್ತಿಯಾಗಿ ತಯಾರಾಗಿರುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಾರಕ್ಕೆ ಹಾಪ್ಸ್ ಎಂಬ ಕಹಿ ಹೂಗಳನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಒಮ್ಮೆ ಹುದುಗಿಸಿದ ಮೇಲೆ, ಜೀವಂತ ಯೀಸ್ಟ್ ಒಳಗಿರುವಂತೆಯೇ ಅದನ್ನು ಪೀಪಾಯಿಗೆ ತುಂಬುತ್ತಾರೆ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಿನ ತನಕ ತನ್ನ ಪಾಡಿಗೆ ಉಬ್ಬುವಂತೆ ಅದು ಪಬ್ಬಿನ ನೆಲಮಾಳಿಗೆಯಲ್ಲಿ ಎರಡನೆಯ ಬಾರಿ ಹುದುಗುತ್ತದೆ. ಸಾಮಾನ್ಯ ಪೀಪಾಯಿಗೆ ‘ಫರ್ಕಿನ್’ ಎಂದು ಹೆಸರು. ಅದು 9 ಗ್ಯಾಲನ್, ಅಂದರೆ 72 ಪಿಂಟ್ ಹಿಡಿಯುತ್ತದೆ, ಒಂದು ಪಿಂಟ್ ಎಂದರೆ 568 ಮಿಲಿಲೀಟರ್.

ಪೀಪಾಯಿಯನ್ನು ಮಣೆಯ ಮೇಲೆ ಅಡ್ಡ ಮಲಗಿಸಿ, ಅಲುಗದಂತೆ ಬೆಣೆ ಕೊಟ್ಟು, ಮೇಲ್ಗಡೆಯ ಬಿರಡೆಗೆ ‘ಸ್ಪೈಲ್’ ಎಂಬ ಮರದ ಮೊಳೆ ಬಡಿಯುವುದರೊಂದಿಗೆ ನೆಲಮಾಳಿಗೆಯವನ ಕೆಲಸ ಶುರುವಾಗುತ್ತದೆ. ಮೆದು ಮರದ ಸ್ಪೈಲ್ ತನ್ನ ಸೂಕ್ಷ್ಮ ರಂಧ್ರಗಳಿಂದ ಅನಿಲವನ್ನು ಹೊರಬಿಡುತ್ತದೆ, ಬಿಯರು ಬುಸುಗುಟ್ಟುತ್ತ ನೊರೆ ಕಾರುತ್ತದೆ. ನೊರೆ ಅಡಗಿದ ಮೇಲೆ ಗಟ್ಟಿ ಮರದ ಸ್ಪೈಲ್ ಹಾಕಿ ಉಳಿದ ಅನಿಲವನ್ನು ಒಳಗೇ ಹಿಡಿದಿಡುತ್ತಾರೆ. ಯೀಸ್ಟನ್ನು ತಳಕ್ಕೆ ಇಳಿಸಲು ವಾಡಿಕೆಯಿಂದ ಬಳಸುವುದು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟು, ಆದ್ದರಿಂದ ಕಟ್ಟಾ ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಒಂದೆರಡು ದಿನಗಳಲ್ಲಿ ಬಿಯರು ತಿಳಿಯಾಗುತ್ತದೆ. 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಿನಲ್ಲಿ ಅದನ್ನು ಕಾಪಾಡುತ್ತಾರೆ. ನಲ್ಲಿ ಜೋಡಿಸಿ ಹಂಚತೊಡಗಿದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಮೂರು ದಿನ ದಾಟಿತೆಂದರೆ ಹುಳಿ ತಿರುಗಲಾರಂಭಿಸುತ್ತದೆ. ಆರು ಶತಮಾನ ನಿಂತ ಛಾವಣಿಯ ಕೆಳಗೆ ಮೂರು ದಿನ ಮೀರಿ ನಿಲ್ಲದ ಸರಕನ್ನು ಇಟ್ಟುಕೊಂಡು ವ್ಯಾಪಾರ ನಡೆಸುವವನ ಕಣ್ಣು ಸದಾ ಪೀಪಾಯಿಯ ಮೇಲೇ ಇರಬೇಕಾಗುತ್ತದೆ.

ಈ ತಾಪತ್ರಯ ಬೇಡವೆಂದೇ 20ನೆಯ ಶತಮಾನದ ನಡುಭಾಗದಲ್ಲಿ ದೊಡ್ಡ ಕಂಪನಿಗಳು ಬಿಯರನ್ನು ಸೋಸಿ, ಕಾಯಿಸಿ, ಯೀಸ್ಟನ್ನು ಕೊಂದು, ಇಂಗಾಲಾಮ್ಲ ಅನಿಲದ ಒತ್ತಡದಿಂದ ಚಿಮ್ಮುವ ‘ಕೆಗ್’ ಡಬ್ಬಿಗಳಲ್ಲಿ ಕಳುಹಿಸತೊಡಗಿದವು. ಇದಕ್ಕೆ ಎದುರಾಗಿ 1971ರಲ್ಲಿ ನಾಲ್ವರು ಗೆಳೆಯರು ಕ್ಯಾಮ್ರಾ ಎಂಬ ಬಳಕೆದಾರರ ಸಂಘ ಕಟ್ಟಿದರು; ‘ರಿಯಲ್ ಏಲ್’ ಎಂಬ ಮಾತು ಊರೆಲ್ಲ ಹಬ್ಬಿದ್ದು ಅವರಿಂದಲೇ. ಹೆಸರು ಹೊಸದು, ವಸ್ತು ಮಾತ್ರ ಹಳೆಯದು.

ಕಟ್ಟೆಯ ಮೇಲೆ ಸಾಲಾಗಿ ನಿಂತ ಎತ್ತರದ ಹಿಡಿಕೆಗಳು ಕೈಪಂಪುಗಳು, ನಮ್ಮ ಬೋರಿಂಗಿನ ಪಂಪಿನ ದೂರದ ನೆಂಟರು. ಬಾರಿನವಳು ಎರಡು ಮೂರು ಸಲ ನಿಧಾನವಾಗಿ ಎಳೆದಾಗ ಲೋಟ ತುಂಬುತ್ತದೆ. ಕೊಳವೆಯ ತುದಿಗೆ ‘ಸ್ಪಾರ್ಕ್ಲರ್’ ಎಂಬ ತೂತುಗಳ ಪುಟ್ಟ ಮುಚ್ಚಳ ಸಿಕ್ಕಿಸಿದರೆ ಕೆನೆಯಂತಹ ದಪ್ಪ ನೊರೆ ಏಳುತ್ತದೆ. ಯಾರ್ಕ್‌ಷೈರಿನವರಿಗೆ ನೊರೆಯಿಲ್ಲದ ಬಿಯರ್ ಸತ್ತ ಬಿಯರ್, ದಕ್ಷಿಣದವರಿಗೆ ನೊರೆ ಎಂದರೆ ಅಳತೆಯಲ್ಲಿ ಮೋಸ; ಫಿಲ್ಟರ್ ಕಾಫಿಯ ನೊರೆಯ ಬಗ್ಗೆ ವಾದ ಮಾಡಬಲ್ಲವರಿಗೆ ಈ ಜಗಳದ ಗಾಂಭೀರ್ಯ ಸುಲಭವಾಗಿ ಅರ್ಥವಾದೀತು.

ನೆಲಮಾಳಿಗೆಯ ಈ ನಿಯಮಗಳೆಲ್ಲ ತಲೆಕೆಳಗಾಗಿರುವುದು ಊಸ್ ನದಿಯ ದಂಡೆಯ ‘ಕಿಂಗ್ಸ್ ಆರ್ಮ್ಸ್’ನಲ್ಲಿ. ಮಳೆಗಾಲವೆಂಬುದು ಬೇರೆಯಾಗಿ ಇಲ್ಲದ ಆ ದೇಶದಲ್ಲಿ ಪಶ್ಚಿಮದ ಬೆಟ್ಟಗಳ ಮೇಲೆ ಬಿದ್ದ ನೀರು ಚಳಿಗಾಲದಲ್ಲಿ ಮತ್ತೆ ಮತ್ತೆ ಪಬ್ಬಿನ ಹೊಸಿಲು ದಾಟುತ್ತದೆ. 2000ದ ನವೆಂಬರಿನಲ್ಲಿ ನದಿ ತನ್ನ ಸಾಮಾನ್ಯ ಮಟ್ಟಕ್ಕಿಂತ 5.4 ಮೀಟರ್ ಮೇಲೆ ಏರಿತ್ತು. ಆದಕಾರಣ ಇಲ್ಲಿ ಬಿಯರನ್ನು ಇಡುವುದು ಮಹಡಿಯ ಮೇಲೆ. ಬಾಗಿಲ ಬಳಿಯ ಫಲಕವೊಂದರಲ್ಲಿ ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು, ಮನೆಗಳಲ್ಲಿ ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಬರೆದಿಡುವಂತೆ, ಗೆರೆ ಎಳೆದು ಇಸವಿ ಸಹಿತ ಗುರುತು ಹಾಕಿದ್ದಾರೆ. ನೆರೆ ಇಳಿದ ಮೇಲೆ ಕೆಸರು ಬಳಿದು, ಕಲ್ಲುಹಾಸು ತೊಳೆದು, ಬೆಂಚುಗಳನ್ನು ಮತ್ತೆ ನದಿಯ ಕಡೆಗೆ ಮುಖ ಮಾಡಿ ಇಡುತ್ತಾರೆ.